ತೊಟ್ಟಿಲ ಕೊಂಡಿ

ಹಳೆಯ ಇಂಜಿನ್ನು ಕಾರಿನ ಹೊಟ್ಟೆಯಿಂದ ಪೂರಾ ಹೊರಬಂದು, ಸರಪಳಿಗೆ ಜೋತುಬಿದ್ದು, ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ತಿರುಗಿ ನಿಂತ ಮೇಲೆಯೇ ರುದ್ರೇಶನಿಗೆ ತಾನು ಅದನ್ನು ಯಾವುದಕ್ಕೆ ತೂಗುಹಾಕಿದ್ದೇನೆ ಎಂಬುದು ಹೊಳೆದದ್ದು. ಅಲ್ಲಿಯವರೆಗೆ ಅದು ತೊಲೆಗೆ ಬಡಿದ ಒಂದು ಕಬ್ಬಿಣದ ಕೊಂಡಿ, ಅಷ್ಟೇ. ಬೆಳಗ್ಗೆ ಅಕೀಬ ಸವಣೂರಿನಿಂದ ಚೈನ್ ಪುಲ್ಲಿಯನ್ನು ಬೈಕಿನ ಹಿಂದೆ ಕಟ್ಟಿಕೊಂಡು ಬಂದು, ಅಂಗಳದ ತಗಡಿನ ಶೆಡ್ಡನ್ನು ಒಮ್ಮೆ ನೋಡಿ, "ಇದಕ್ಕ ಹಾಕಿದ್ರ ಇಂಜಿನ್ ಮ್ಯಾಲ ಏಳೂದಿಲ್ಲೋ ದೋಸ್ತ, ಶೆಡ್ಡ ಕೆಳಗ ಇಳೀತೈತಿ" ಎಂದಾಗ ರುದ್ರೇಶ ಒಂದು ಕ್ಷಣವೂ ಯೋಚಿಸದೆ ಒಳಗಿನ ತೊಲೆಯತ್ತ ಕೈ ಮಾಡಿದ್ದ. ಮೊದಲು ಎತ್ತು ಕಟ್ಟುತ್ತಿದ್ದ ಜಾಗ ಅದು, ಪಡಸಾಲೆಗಿಂತ ಮೊಣಕಾಲಿನಷ್ಟು ತಗ್ಗು. ಎತ್ತು ಹೋದ ಮೇಲೆ ಬಾಗಿಲು ಅಗಲ ಮಾಡಿಸಿ, ಶಟರ್ ಕೂರಿಸಿ, ಅಲ್ಲಿ ಕಾರು ಕಟ್ಟುತ್ತಿದ್ದರು. ಕಟ್ಟುವುದು ಎಂಬುದು ಅವ್ವ ಸರೋಜವ್ವನ ಮಾತು, ದಿನಾ ಸಂಜೆ ಅಡುಗೆಮನೆಯಿಂದಲೇ "ಕಾರ ಕಟ್ಟಿದ್ಯೇನೋ?" ಎಂದು ಕೇಳುತ್ತಾಳೆ. ತೊಲೆ ಸಾಗವಾನಿಯದು. ಕೊಂಡಿಯನ್ನು ಅಪ್ಪ ಫಕ್ಕೀರಪ್ಪ ತನ್ನ ಸವೆದ ನೇಗಿಲಿನ ಕುಳವನ್ನು ಕಮ್ಮಾರನಿಗೆ ಕೊಟ್ಟು ಬಡಿಸಿದ್ದ. ಎತ್ತು ತೂಗಿದ್ರೂ ತಡೀತೈತಿ ಅಂತ ಅಪ್ಪ ಬಂದವರಿಗೆಲ್ಲ ಹೇಳುತ್ತಿದ್ದ. ಆ ಮಾತು ನೆನಪಿತ್ತು. ಅಪ್ಪ ಅದನ್ನು ಯಾಕೆ ಬಡಿಸಿದ್ದ ಎಂಬುದು ಮಾತ್ರ ಸರಪಳಿ ಎಳೆಯುವ ಹುರುಪಿನಲ್ಲಿ ಮರೆತುಹೋಗಿತ್ತು.

ತೊಟ್ಟಿಲು ಕಟ್ಟುವುದಕ್ಕೆ. ರುದ್ರೇಶ ಅದರಲ್ಲೇ ಮಲಗಿ ಬೆಳೆದವನು. ತೊಟ್ಟಿಲ ಹಗ್ಗವನ್ನು ಕಾಲ ಹೆಬ್ಬೆರಳಿಗೆ ಸಿಕ್ಕಿಸಿಕೊಂಡು ಅವ್ವ ಅತ್ತ ಆಕಳು ಹಿಂಡುತ್ತಿದ್ದಳಂತೆ, ಇತ್ತ ಇವನನ್ನು ತೂಗುತ್ತಿದ್ದಳಂತೆ. ಈಗ ಅದೇ ಕೊಂಡಿಯಲ್ಲಿ ಕಪ್ಪು ಎಣ್ಣೆ ಸುರಿಸುತ್ತಾ ಇಂಜಿನ್ನು ನೇತಾಡುತ್ತಿತ್ತು. "ಅಕೀಬ, ಇಳಿಸಲೇ ಇದನ್ನ. ಲಗೂನ ಇಳಿಸು" ಎಂದ. ಅಕೀಬ ಕೈಸರಪಳಿ ಜಗ್ಗಿದ. ಅದು ಕಟಕ್ಕೆಂದು ನಿಂತಿತು. ಮತ್ತೆ ಜಗ್ಗಿದ. ಕೆಳಗೂ ಬರಲೊಲ್ಲದು, ಮೇಲೂ ಹೋಗಲೊಲ್ಲದು. ಅಕೀಬ ಸ್ಟೂಲು ಹತ್ತಿ ನೋಡಿ, ನಾಲಿಗೆ ಲೊಚಗುಟ್ಟಿ, "ಒಳಗ ಸರಪಳಿ ಕೊಂಡಿ ಒಂದರ ಮ್ಯಾಲ ಒಂದ ಏರಿ ಕುಂತಾವ. ಹಿರೇಕೆರೂರಾಗ ನಮ್ಮ ಜಮಾಲಸಾಬ ಮಾಮಾನ ಹತ್ರ ಇನ್ನೊಂದ ಪುಲ್ಲಿ ಐತಿ. ಅದರ ಮ್ಯಾಲ ಭಾರ ಹಾಕಿ ಇದನ್ನ ಬಿಡಸಬೇಕು. ಹಿಂಗ ಹೋಗಿ ಹಂಗ ಬರ್ತೇನಿ. ಬುಡಕ ನಿಂದ್ರಬ್ಯಾಡ ಮತ್ತ" ಎಂದು ಬೈಕು ಹತ್ತಿ ಹೊರಟೇಬಿಟ್ಟ. ಹಂಸಭಾವಿಯಿಂದ ಹಿರೇಕೆರೂರಿಗೆ ಹಿಂಗ ಹೋಗಿ ಹಂಗ ಬರುವುದು ಹೇಳಿದಷ್ಟು ಸುಲಭವಲ್ಲ, ಅದರಲ್ಲೂ ದಾರಿಯಲ್ಲಿ ಕಂಡ ಪ್ರತಿ ಗ್ಯಾರೇಜಿನವನಿಗೂ ಸಲಾಮು ಹೇಳುವ ಅಕೀಬನಿಗೆ. ರುದ್ರೇಶ ಪಡಸಾಲೆಯ ಕಟ್ಟೆಯ ಮೇಲೆ ಕುಕ್ಕರಿಸಿದ.

ಮನೆಯಲ್ಲಿ ಹೆಂಗಸರಿಲ್ಲದ ಹೊತ್ತು ನೋಡಿಯೇ ಅವನು ಈ ಕೆಲಸಕ್ಕೆ ಕೈ ಹಾಕಿದ್ದು. ಭಾನುವಾರ, ಅವನ ಬೀಜದ ಅಂಗಡಿಗೆ ರಜೆ. ಅವ್ವ ಮತ್ತು ಹೆಂಡತಿ ಅಂಕಿತಾ ಇಬ್ಬರೂ ಹಿಂದಿನ ಓಣಿಯ ಸುಧಾರಾಣಿಯ ಮೊಮ್ಮಗಳನ್ನು ತೊಟ್ಟಿಲಿಗೆ ಹಾಕುವ ಕಾರ್ಯಕ್ಕೆ ಹೋಗಿದ್ದರು. ಅಲ್ಲಿ ಇವತ್ತು ಕಟ್ಟಿರುವ ತೊಟ್ಟಿಲು ಇದೇ ಮನೆಯದು. ಕಲಘಟಗಿಯಿಂದ ಅಜ್ಜ ತಂದದ್ದು. ಅರಗಿನ ಬಣ್ಣ ಇನ್ನೂ ನಿನ್ನೆ ಬಳಿದಂತಿದೆ. ಆ ತೊಟ್ಟಿಲಲ್ಲಿ ಮಲಗಿದ ಕೂಸು ಬಾಳುತ್ತದೆ ಎಂದು ಓಣಿಗೆ ಓಣಿಯೇ ನಂಬಿತ್ತು, ಹೊಸದು ಕೊಳ್ಳುವ ಶಕ್ತಿ ಇದ್ದವರೂ ಬಂದು ಇದನ್ನೇ ಕೇಳಿ ಒಯ್ಯುತ್ತಿದ್ದರು. ಕೇಳಲು ಬಂದವರು ಬಾಗಿಲಲ್ಲಿ ನಿಂತು ಸ್ವಲ್ಪ ತಡವರಿಸುತ್ತಿದ್ದರು. ಆಗ ಅವರ ಕಣ್ಣು ತಪ್ಪಿಯೂ ಮೇಲಿನ ಕೊಂಡಿಯತ್ತ ಹೋಗುತ್ತಿರಲಿಲ್ಲ. ಅಂಕಿತಾನೇ ಒಳಗಿನಿಂದ ತೊಟ್ಟಿಲಿನ ಕೋಲು, ಹಲಗೆ, ಸರಪಳಿ ಎಲ್ಲ ತಂದು, ಒರೆಸಿ, ಎಣಿಸಿ ಕೊಡುತ್ತಿದ್ದಳು. ಕೊಟ್ಟು ಒಳಗೆ ಹೋಗಿ ಮಿಕ್ಸರ್ ಹಚ್ಚುತ್ತಿದ್ದಳು, ರುಬ್ಬುವುದು ಏನೂ ಇಲ್ಲದಿದ್ದರೂ. ರುದ್ರೇಶ ಅದನ್ನು ಗಮನಿಸಿದ್ದ. ಗಮನಿಸಿದ್ದನ್ನು ಹೇಳಿರಲಿಲ್ಲ. ಹೇಳದೆ ಇರುವುದರಲ್ಲಿ ಈ ಮನೆಯವರು ಮೂವರೂ ಪಳಗಿದವರು. ದೀಪಾವಳಿಗೆ ಸುಣ್ಣ ಬಳಿಯಲು ಬಂದ ಉಳಿವೆಪ್ಪ, ಪಾಪ, ಏನೂ ತಿಳಿಯದೆ "ಈ ಕೊಂಡಿ ತಗದಬಿಡ್ಲೇನ್ರಿ, ಏಣಿ ಹತ್ತಿದ್ರ ತಲಿಗೆ ಬಡೀತೈತಿ" ಎಂದಿದ್ದ. ಅವ್ವ ಬೆಂಕಿಯಾಗಿಬಿಟ್ಟಿದ್ದಳು. ಆಮೇಲೆ ತಾನೇ ಸ್ಟೂಲು ಹತ್ತಿ, ತುಕ್ಕು ಹಿಡಿಯಬಾರದೆಂದು ಕೊಬ್ಬರಿ ಎಣ್ಣೆ ಸವರಿದ್ದಳು. ಸ್ಟೂಲು ಅಲುಗದಂತೆ ಹಿಡಿದುಕೊಂಡು ನಿಂತವಳು ಅಂಕಿತಾ. ಅತ್ತೆ ಮೇಲೆ ನೋಡುತ್ತಿದ್ದಳು, ಸೊಸೆ ನೆಲ ನೋಡುತ್ತಿದ್ದಳು. ಮದುವೆಯಾಗಿ ಎಂಟು ವರ್ಷ ಆಗಿತ್ತು.

ಈಗ ಅವರು ಬರುತ್ತಾರೆ, ನೋಡುತ್ತಾರೆ. ಗಂಡ ಎನ್ನುವವನು, ಮಗ ಎನ್ನುವವನು, ಆ ಕೊಂಡಿಗೆ ಇನ್ನು ಬೇರೆ ಕೆಲಸವಿಲ್ಲ ಎಂದು ತೀರ್ಮಾನಿಸಿ, ಗುಜರಿಗೆ ಹಾಕುವ ಇಂಜಿನ್ನನ್ನು ತೂಗುಹಾಕಿದ್ದಾನೆ ಅಂದುಕೊಳ್ಳುತ್ತಾರೆ. ಹಾಗಲ್ಲ ಎಂದು ಹೇಳಬೇಕೆಂದರೆ ಹೇಗೆಂದು ಹೇಳಬೇಕು? ಮಾತು ಶುರುಮಾಡಿದರೆ ಎಂಟು ವರ್ಷದ್ದೆಲ್ಲ ಹೊರಗೆ ತೆಗೆಯಬೇಕು. ರುದ್ರೇಶ ಎದ್ದು ಇಂಜಿನ್ನಿನ ಹತ್ತಿರ ಹೋದ. ಒಂದು ಚಾದರ ಹೊದಿಸಿಬಿಡಲೇ ಎನ್ನಿಸಿತು. ಹೊದಿಸಿದರೆ ಇನ್ನೂ ತೊಟ್ಟಿಲಿನಂತೆಯೇ ಕಾಣುತ್ತದೆ ಎಂದು ಗಾಬರಿಯಾಗಿ ಚಾದರವನ್ನು ತಿರುಗಿ ಗೂಟಕ್ಕೆ ಹಾಕಿದ. ಇಂಜಿನ್ನು ಸಣ್ಣಗೆ ತೂಗುತ್ತಿತ್ತು. ಬರಿದಾದ ತೊಟ್ಟಿಲು ತೂಗಬಾರದು ಎನ್ನುತ್ತಾರೆ. ಅವನು ಎರಡೂ ಕೈಯಿಂದ ಅದನ್ನು ತಬ್ಬಿ ಹಿಡಿದು ನಿಲ್ಲಿಸಿದ.

ತಬ್ಬಿಕೊಂಡಾಗ ಅದರ ಮೇಲೆ ಪ್ರೀತಿ ಬಂತು, ಬರಬಾರದ ಹೊತ್ತಿನಲ್ಲಿ. ಏನೇನೆಲ್ಲ ಓಡಿಸಿದೆ ಇದು. ಕೆಂಪು ಬಣ್ಣದ ಪುಟ್ಟ ಕಾರು. ಮದುವೆಗೆ ಮೊದಲು ಸೆಕೆಂಡ್ ಹ್ಯಾಂಡಿನಲ್ಲಿ ತಂದು, ಸ್ಪ್ರಿಂಗು ಕತ್ತರಿಸಿ ನೆಲಕ್ಕೆ ಇಳಿಸಿ, ಅಗಲ ಟೈರು ಹಾಕಿ, ಸೈಲೆನ್ಸರ್ ಬದಲಿಸಿ, ಹಿಂದೆ ರೆಕ್ಕೆ ಕೂರಿಸಿ, ಹಾನಗಲ್ಲಿನ ರಸ್ತೆಯಲ್ಲಿ ಬಸ್ಸುಗಳ ಜೊತೆ ಪಂದ್ಯ ಕಟ್ಟುತ್ತಿದ್ದ ಕಾರು. ಈಗ ಅವನಿಗೆ ನೆತ್ತಿಯ ಕೂದಲು ತೆಳುವಾಗಿದೆ, ಕಾರಿನ ರೆಕ್ಕೆ ಹಾಗೇ ಇದೆ. ಮದುವೆ ಮನೆಗಳಲ್ಲಿ ಎಲ್ಲರ ಮಕ್ಕಳ ಬಗ್ಗೆ ಕೇಳಿ ಮುಗಿಸಿದವರು ಇವನ ಹತ್ತಿರ ಬಂದು, ಒಂದು ಕ್ಷಣ ತಡೆದು, "ಮತ್ತ, ಕಾರ ಹೆಂಗೈತಿ?" ಎಂದು ಕೇಳುತ್ತಾರೆ. ಒಳ್ಳೆಯವರು, ನೋಯಿಸಬಾರದೆಂದೇ ಹಾಗೆ ಕೇಳುವುದು. ಅವನೂ "ಚೊಲೊ ಐತ್ರಿ" ಎಂದು ಮೈಲೇಜು ಹೇಳುತ್ತಾನೆ. ಕಾರು ಎಷ್ಟು ಕೆಳಗೆ ಇಳಿದಿದೆಯೆಂದರೆ, ಶಾಲೆಯ ಮುಂದಿನ ರಸ್ತೆಯ ಹಂಪು ಬಂದಾಗ ಅಂಕಿತಾ ಇಳಿದುಬಿಡಬೇಕು. ಇಲ್ಲದಿದ್ದರೆ ಕಾರಿನ ಹೊಟ್ಟೆ ತಾಕುತ್ತದೆ. ಸೀರೆಯ ನಿರಿಗೆ ಹಿಡಿದುಕೊಂಡು ಇಳಿದು, ಹಂಪಿನ ಆಚೆ ನಡೆದುಹೋಗಿ ನಿಂತು, "ಬರ್ರಿ, ಬರ್ರಿ, ಸಾವಕಾಶ ಬರ್ರಿ" ಎಂದು ಕೈ ಮಾಡಿ ಕರೆದು, ಕಾರು ದಾಟಿದ ಮೇಲೆ ಮತ್ತೆ ಹತ್ತಿ ಕೂರುತ್ತಾಳೆ. ಊರಿನವರು ನಗುತ್ತಾರೆ. ಒಂದು ದಿನವೂ ಅವಳು ಮುಖ ಗಂಟುಹಾಕಿದ್ದಿಲ್ಲ.

ಮಕ್ಕಳಾಗಲೆಂದು ಹುಬ್ಬಳ್ಳಿಯ ಆಸ್ಪತ್ರೆಗೆ ಹೋಗಿ ಬರುತ್ತಿದ್ದದ್ದೂ ಇದರಲ್ಲೇ. ನರ್ಸೊಬ್ಬಳು ತುಂಬಿದ ಹಾಲಿನಲ್ಲಿ ಇವನ ಹೆಸರು ಕೂಗಿ ಸಣ್ಣ ಡಬ್ಬಿಯೊಂದನ್ನು ಎಲ್ಲರಿಗೂ ಕಾಣುವಂತೆ ಕೈಗಿತ್ತಿದ್ದಳು. ಎದುರಿಗೆ ಕೂತಿದ್ದ ಮುದುಕನೊಬ್ಬ ಕನಿಕರದಿಂದ ಜರುಗಿ ದಾರಿ ಬಿಟ್ಟಿದ್ದ. ಕೊನೆಯ ಸಲ ಡಾಕ್ಟರು ಇಬ್ಬರಲ್ಲೂ ದೋಷವಿಲ್ಲ, ಇಷ್ಟು ಮಾಡಿಯೂ ಆಗದಿದ್ದರೆ ಇನ್ನು ದೇವರಿಚ್ಛೆ ಎಂದರು. ದೋಷವಿಲ್ಲದ್ದನ್ನು ರಿಪೇರಿ ಮಾಡುವುದು ಹೇಗೆ? ಶಿಗ್ಗಾವಿಯವರೆಗೆ ಅಂಕಿತಾ ಆಸ್ಪತ್ರೆಯ ಫೈಲನ್ನು ತೊಡೆಯ ಮೇಲೆ ಹಿಡಿದು ಕೂತಿದ್ದಳು. ಹೈವೇ ಬಿಟ್ಟು ಹಾನಗಲ್ಲಿನ ದಾರಿಗೆ ತಿರುಗಿದ ಮೇಲೆ ಕಿಟಕಿಯ ಕಡೆ ಮುಖ ಮಾಡಿ ಅಳತೊಡಗಿದಳು, ಸದ್ದು ಬರದಂತೆ, ಸೆರಗು ಬಾಯಿಗೆ ಒತ್ತಿಕೊಂಡು. ಅವನು ಗೇರು ಇಳಿಸಿ ಆಕ್ಸಿಲರೇಟರ್ ಒತ್ತಿದ. ಸೈಲೆನ್ಸರ್ ಊರೆಲ್ಲ ಕೇಳುವ ಹಾಗೆ ಗರ್ಜಿಸಿತು. ಆ ಗದ್ದಲದೊಳಗೆ ಅವಳು ಸೆರಗು ತೆಗೆದು, ಬಾಯಿ ಬಿಟ್ಟು ಅತ್ತಳು. ಅವನೂ ಅತ್ತ. ಹಾನಗಲ್ಲಿನಲ್ಲಿ ಮಿರ್ಚಿ ಭಜಿ ಕೊಡಿಸಿದ. ಇಬ್ಬರೂ ಕಾರಿನಲ್ಲೇ ಕೂತು ತಿಂದರು. ಆಮೇಲೆ ಹುಬ್ಬಳ್ಳಿಗೆ ಹೋಗಲಿಲ್ಲ. ಇಂಜಿನ್ನು ನೀಲಿ ಹೊಗೆ ಉಗುಳಲು ಶುರುಮಾಡಿದ್ದೂ ಹೆಚ್ಚುಕಡಿಮೆ ಆಗಲೇ. ಈಗ ಅದೇ ಕಂಪನಿಯ ದೊಡ್ಡ ಕಾರಿನ ಇಂಜಿನ್ನೊಂದು ಅಂಗಳದಲ್ಲಿ ಹಳೆಯ ಟೈರುಗಳ ಮೇಲೆ, ಒರೆಸಿ ಇಟ್ಟದ್ದು, ಕಾಯುತ್ತಿತ್ತು.

"ಇದೇನೋ ಇದು?"

ಅವ್ವನ ದನಿ. ರುದ್ರೇಶ ಇಂಜಿನ್ನು ತಬ್ಬಿಕೊಂಡೇ ತಿರುಗಿದ. ಶಟರಿನ ಬೆಳಕಿನಲ್ಲಿ ಸರೋಜವ್ವ ಗುಗ್ಗರಿಯ ತಾಟು ಹಿಡಿದು ನಿಂತಿದ್ದಳು, ಹಿಂದೆ ಅಂಕಿತಾ, ಹಸಿರು ರೇಷ್ಮೆ ಸೀರೆ, ಮುಡಿಯಲ್ಲಿ ಅಬ್ಬಲಿಗೆ. ಅವ್ವ ಇಂಜಿನ್ನು ನೋಡಿದಳು. ಸರಪಳಿಗುಂಟ ಮೇಲೆ ಹೋಗಿ ಕೊಂಡಿ ನೋಡಿದಳು. ತಾಟನ್ನು ಕಟ್ಟೆಯ ಮೇಲಿಟ್ಟಳು. ಅವನು ಬಾಯಿ ತೆರೆದ. ಬಂದದ್ದು "ಪುಲ್ಲಿ ಜಾಮ್ ಆತಬೇ" ಎಂಬ ಮಾತೊಂದೇ. ಇದಕ್ಕಿಂತ ಹೇಡಿ ಮಾತು ಇನ್ನೊಂದಿಲ್ಲ ಎಂದು ಅವನಿಗೇ ಅನ್ನಿಸಿತು. ಅವ್ವ ಬಗ್ಗಿ ನೆಲದ ಮೇಲಿನ ಕಪ್ಪು ಕಲೆ ನೋಡಿದಳು. ಆಮೇಲೆ, "ಎಣ್ಣಿ ಸೋರಾಕತ್ತೈತಿ. ಬುಡಕ ಏನರ ಇಡಬಾರದ?" ಎಂದು ಒಳಗೆ ಹೋದಳು.

ಅಂಕಿತಾ ಹತ್ತಿರ ಬಂದಳು. ಅವಳ ಮುಖ ನೋಡುವ ಧೈರ್ಯವಾಗದೆ ರುದ್ರೇಶ ಅವಳ ಕೈಯ ಹಸಿರು ಬಳೆ ನೋಡುತ್ತಾ, "ತಪ್ಪ ತಿಳ್ಕೋಬ್ಯಾಡ. ನನಗ ಖರೇನ ನೆನಪಾಗಲಿಲ್ಲ. ಕೊಂಡಿ ಗಟ್ಟಿ ಐತಿ ಅಂತ ಅಷ್ಟ... ಅದು ಬ್ಯಾಡಾತು ಅಂತ ಅಲ್ಲ" ಎಂದ. ಅವಳು ಒಂದು ಬೆರಳಿಂದ ಇಂಜಿನ್ನನ್ನು ಮುಟ್ಟಿದಳು.

"ಎಂಟ ವರ್ಷ ಈ ಕೊಂಡಿ ಬುಡಕ ತಲಿ ತಗ್ಗಿಸ್ಕೊಂಡ ಓಡಾಡೇನ್ರಿ. ಯಾರರ ಏನರ ಹಾಕಬಾರದೇನ ಇದಕ್ಕ ಅಂತ ಅನಸ್ತಿತ್ತು. ಬಟ್ಟಿ ಗಂಟರ, ಉಳ್ಳಾಗಡ್ಡಿ ಬುಟ್ಟಿಯರ. ಖಾಲಿ ನೋಡಿ ನೋಡಿ ಸಾಕಾಗಿತ್ತು" ಎಂದಳು. ಒಂದು ಕ್ಷಣ ಬಿಟ್ಟು, "ನೀವು ಇಂಜಿನ್ ಹಾಕೀರಿ. ಬುಟ್ಟಿ ಹಾಕಿದ್ರ ನಿಮ್ಮ ಕಿಮ್ಮತ್ತ ಕಡಿಮಿ ಆಗ್ತಿತ್ತೇನು?" ಎಂದು ನಕ್ಕಳು. ಕಣ್ಣಲ್ಲಿ ನೀರಿತ್ತು, ನಗು ಮಾತ್ರ ನಿಜದ್ದಾಗಿತ್ತು. ರುದ್ರೇಶನಿಗೆ ಅವಳ ಮೇಲೆ ಎಷ್ಟು ಪ್ರೀತಿ ಉಕ್ಕಿತೆಂದರೆ, ಕೈಯೆಲ್ಲ ಎಣ್ಣೆಯಾಗಿರುವುದು ಒಳ್ಳೆಯದೇ ಆಯಿತು; ಇಲ್ಲದಿದ್ದರೆ ಹಾಡುಹಗಲೇ ಬಾಗಿಲು ತೆರೆದಿರುವಾಗಲೇ ಅಪ್ಪಿಕೊಂಡುಬಿಡುತ್ತಿದ್ದ. ಅವ್ವ ಹಳೆಯ ಪರಾತ ತಂದು ಇಂಜಿನ್ನಿನ ಕೆಳಗೆ ಸರಿಸಿದಳು. ಹನಿಗಳು ಟಪ್ ಟಪ್ ಎಂದು ಬೀಳತೊಡಗಿದವು.

ಅಕೀಬ ಬಂದಾಗ ಬಿಸಿಲು ಇಳಿದಿತ್ತು. ಪುಲ್ಲಿಯ ಜೊತೆಗೆ ಸರೋಜವ್ವನಿಗೆಂದು ಸವಣೂರಿನ ವೀಳ್ಯದೆಲೆಯ ಕಟ್ಟನ್ನೂ ಚೀಲದಿಂದ ತೆಗೆದುಕೊಟ್ಟ. ಬೆಳಗ್ಗೆಯೇ ತಂದಿದ್ದನಂತೆ, ಕೊಡುವುದು ಮರೆತಿದ್ದನಂತೆ. ಹಳೆಯದು ಇಳಿಯಿತು, ಹೊಸದು ಏರಿತು, ಕಾರನ್ನು ಅದರ ಬುಡಕ್ಕೆ ನೂಕಿದರು. ಈ ಸಲ ಹೆಂಗಸರಿಬ್ಬರೂ ಪಡಸಾಲೆಯ ಕಟ್ಟೆಯ ಮೇಲೆ ಕೂತು, ಗುಗ್ಗರಿ ತಿನ್ನುತ್ತಾ, ಬೇಡದ ಸಲಹೆ ಕೊಡುತ್ತಾ ನೋಡಿದರು. ಎಲ್ಲ ಕೂತಿತು, ಹಿಂದುಗಡೆಯ ಒಂದು ಬೋಲ್ಟಿನ ಹೊರತಾಗಿ. ಅಲ್ಲಿಗೆ ರುದ್ರೇಶನ ಕೈ ಹೋಗಲಿಲ್ಲ, ಅಕೀಬನದಂತೂ ಮೊಣಕೈಯಲ್ಲೇ ಸಿಕ್ಕಿಕೊಂಡಿತು. "ಸರೀರಿ" ಎಂದು ಅಂಕಿತಾ ಎದ್ದು ಬಂದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಬಳೆಗಳನ್ನು ಮೊಣಕೈಯತ್ತ ಬಿಗಿಯಾಗಿ ಏರಿಸಿ, ಬಗ್ಗಿ ಕೈ ಹಾಕಿದಳು. ಕತ್ತಲೊಳಗೆ ಬೆರಳಿಂದ ತೂತು ಹುಡುಕುತ್ತಾ, ಯಾರನ್ನೂ ನೋಡದೆ, ಬೋಲ್ಟಿಗೇ ಹೇಳುವವಳಂತೆ ಹೇಳಿದಳು: "ಇವತ್ತ ಕೂಸಿನ್ನ ತೊಟ್ಟಿಲ ಬುಡಕ ಕೈಯಿಂದ ಕೈಗೆ ದಾಟಸಾಕತ್ತಿದ್ರು. ನನ್ನ ಪಾಳೇ ಬಂದಾಗ ಬಾಜೂಕಿನಾಕಿ ನನ್ನ ಮುಂದಿಂದ ಕೈ ಚಾಚಿ ತಾನ ತಗೊಂಡ್ಲು. ಬೇಕಂತ ಮಾಡಿದ್ದಲ್ಲ ಅದು. ನಾ ಚಾಚಿದ ಕೈಲೆ ಸೆರಗ ಸರಿಮಾಡ್ಕೊಂಡೆ." ಸ್ಪಾನರ್ ಕೇಳಿ ಇಸಿದುಕೊಂಡು ತಿರುಗಿಸಿದಳು. ಅವ್ವ ಎಲೆಗೆ ಸುಣ್ಣ ಹಚ್ಚುತ್ತಿದ್ದ ಕೈಯನ್ನು ಹಾಗೇ ನಿಲ್ಲಿಸಿದ್ದಳು.

ರುದ್ರೇಶ ಕಾರಿನೊಳಗೆ ಕೂತು ಕೀಲಿ ತಿರುಗಿಸಿದ. ಇಂಜಿನ್ನು ಒಮ್ಮೆ ಕೆಮ್ಮಿ ಸುಮ್ಮನಾಯಿತು. ಮತ್ತೆ ತಿರುಗಿಸಿದ, ಎದೆಯಾಳದಿಂದ ಬಂದಂಥ ಇನ್ನೊಂದು ಕೆಮ್ಮು. ಅಪ್ಪ ಬದುಕಿದ್ದಾಗ ಬೆಳಗ್ಗೆ ಎದ್ದು ಹಾಸಿಗೆಯ ಮೇಲೆ ಕೂತು ಹೀಗೇ ಕೆಮ್ಮುತ್ತಿದ್ದ, ಆಮೇಲೆ ಶಿವಾ ಎನ್ನುತ್ತಿದ್ದ. ಅವ್ವ ಥಟ್ಟನೆ ಮುಖ ಎತ್ತಿದ್ದನ್ನು ರುದ್ರೇಶ ಗಾಜಿನೊಳಗಿಂದ ಕಂಡ. ಗಂಡನ ಹೆಸರನ್ನು ಜೀವಮಾನದಲ್ಲಿ ಒಮ್ಮೆಯೂ ಬಾಯಲ್ಲಿ ಆಡದವಳು ಅವಳು. ರೇಷನ್ ಅಂಗಡಿಯಲ್ಲಿ ಕೇಳಿದರೂ "ಹೇಳೋ ನಿಮ್ಮಪ್ಪನ ಹೆಸರ" ಎಂದು ಇವನ ಕಡೆ ತಿರುಗುತ್ತಿದ್ದಳು. ಇವರ ಮದುವೆಯಾದ ಹೊಸತರಲ್ಲಿ ಸೊಸೆಗೆ ಒಂದೇ ಒಂದು ಸಲ ಹೇಳಿದ್ದಳು: "ಗಂಡಾದ್ರ ಅವರ ಹೆಸರ ಇಡ್ರಿ. ನಾ ಕರಿಯೂದಿಲ್ಲ, ನೀವು ಕರಿಯೂದು ಕೇಳ್ಕೊಂತ ಕುಂದರ್ತೇನಿ." ಆಮೇಲೆ ಆ ಮಾತು ಎತ್ತಿರಲಿಲ್ಲ. ಮೂರನೆಯ ಸಲಕ್ಕೆ ಇಂಜಿನ್ನು ಹತ್ತಿಕೊಂಡಿತು. ತೊಲೆಯ ಮೇಲಿನ ಧೂಳು ಉದುರಿತು, ಅಕೀಬ "ಹೊಡೀ ದೋಸ್ತ!" ಎಂದು ಕೂಗಿದ.

ಆಗ ಅಂಕಿತಾ ಒಂದು ಕೆಲಸ ಮಾಡಿದಳು. ತೊಟ್ಟಿಲಿಗೆ ಹಾಕಿದ ಕೂಸಿನ ಕಿವಿಯಲ್ಲಿ ಹೆಸರು ಹೇಳುವಾಗ ಸೋದರತ್ತೆ ಮಾಡುವಂತೆ, ತೆರೆದ ಇಂಜಿನ್ನಿನ ಮೇಲೆ ಬಗ್ಗಿ, ಬಾಯಿಗೆ ಕೈ ಅಡ್ಡ ಹಿಡಿದು, "ಕುರ್‌ರ್‌ರ್" ಎಂದಳು. ಆಮೇಲೆ ಏನೋ ಒಂದು ಹೆಸರು ಹೇಳಿದಳು. ಗದ್ದಲದಲ್ಲಿ ಅದು ಯಾರಿಗೂ ಕೇಳಲಿಲ್ಲ. ರುದ್ರೇಶ ಇಂಜಿನ್ನು ಆರಿಸಿ ಇಳಿದು ಬಂದ.

"ಏನಂತ ಇಟ್ಟೆವ್ವಾ ಹೆಸರ?" ಎಂದಳು ಸರೋಜವ್ವ, ನಗುತ್ತಾ.

"ನಿಮ್ಮ ಬಾಯಿಲೆ ಬರಲಾರದ ಹೆಸರ, ಅತ್ತಿ."

ಅವ್ವನ ಮುಖದ ನಗು ಹಾಗೇ ನಿಂತಿತು. ಆ ಹೆಸರನ್ನು ಯಾರಿಗಾಗಿ ತೆಗೆದಿಟ್ಟಿದ್ದರೋ ಅವನು ಇನ್ನು ಬರುವುದಿಲ್ಲ ಎಂಬ ಮಾತನ್ನು ಈ ಮನೆಯಲ್ಲಿ ಮೊದಲ ಬಾರಿಗೆ, ಎಲ್ಲರೆದುರು, ಹೇಳಿ ಆಗಿತ್ತು. ಅಂಕಿತಾ ತಲೆ ತಗ್ಗಿಸಲಿಲ್ಲ. ಮಧ್ಯಾಹ್ನ ಕೊಂಡಿ ನೋಡಿ ಆದದ್ದಕ್ಕಿಂತ ಹೆಚ್ಚು ಭಯ ರುದ್ರೇಶನಿಗೆ ಈಗ ಆಯಿತು. ಅವ್ವ ಕಟ್ಟೆಯಿಂದ ಇಳಿದಳು. ಸೊಸೆಯ ಹಿಂದೆ ಬಂದು ನಿಂತು, ಮುಷ್ಟಿ ಕಟ್ಟಿ, ಬೆನ್ನಿಗೆ ಧಡ್ಡೆಂದು ಒಂದು ಗುದ್ದು ಕೊಟ್ಟಳು. "ಹೆಸರ ಇಟ್ಟಾಕಿಗೆ ಗುದ್ದು ಬ್ಯಾಡೇನು? ಬರೇ ಕುರ್ ಅಂದ್ರ ಮುಗೀತ?" ಎಂದಳು. ಇನ್ನೊಂದು ಗುದ್ದಿದಳು, ಮೆಲ್ಲಗೆ, ಮತ್ತು ಕೈಯನ್ನು ಅಲ್ಲಿಯೇ ಇಟ್ಟುಕೊಂಡಳು. ಇಬ್ಬರೂ ಅಳುತ್ತಿದ್ದರು, ನಗುತ್ತಲೂ ಇದ್ದರು. ಅವ್ವ ರುದ್ರೇಶನ ಕಡೆ ತಿರುಗಿ "ನೋಡ್ಕೋತ ನಿಂತೀಯಲ್ಲ, ಗುದ್ದೋ" ಎಂದಳು. ಅವನು ಗುದ್ದಲಿಲ್ಲ, ಅಂಗೈಯನ್ನು ಅವಳ ಬೆನ್ನ ಮೇಲೆ ಒತ್ತಿದ. ತೆಗೆದಾಗ ಹಸಿರು ರೇಷ್ಮೆಯ ಮೇಲೆ ಐದು ಬೆರಳೂ ಕಪ್ಪಗೆ ಮೂಡಿದ್ದವು. "ಅಯ್ಯ, ಸೀರಿ!" ಎಂದ. "ಇರ್ಲಿ ಬಿಡ್ರಿ" ಎಂದಳು ಅಂಕಿತಾ.

ಬಾನೆಟ್ ಮುಚ್ಚಿದ ಮೇಲೆ ಒಂದು ಸುತ್ತು ಹೊರಟರು. ಅಕೀಬ ಬೈಕಿನಲ್ಲಿ ಮುಂದೆ. ಈ ಕಾರಿನ ಸದ್ದಿಗೆ ಹೆದರಿ ಇಷ್ಟು ವರ್ಷ ಹತ್ತಲಾರೆನೆಂದ ಸರೋಜವ್ವ ತಾನಾಗಿಯೇ ಹಿಂದಿನ ಬಾಗಿಲು ತೆರೆದಳು. ಕೂರುವ ಮೊದಲು ಒಂದು ಕ್ಷಣ ನಿಂತು, ಜಾರಿದ ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು, ಅಪ್ಪ ಪಡಸಾಲೆಗೆ ಬಂದಾಗಲೆಲ್ಲ ಎಳೆದುಕೊಳ್ಳುತ್ತಿದ್ದ ಹಾಗೆ. ಶಾಲೆಯ ಮುಂದೆ ಹಂಪು ಬಂತು. ಅಂಕಿತಾ ಇಳಿದು, ನಿರಿಗೆ ಹಿಡಿದು, ಲೈಟಿನ ಬೆಳಕಿನಲ್ಲಿ ಬೆನ್ನ ಮೇಲೆ ಗಂಡನ ಕೈ ಹೊತ್ತುಕೊಂಡು ಆಚೆ ನಡೆದಳು. ತಿರುಗಿ ನಿಂತು ಕೈ ಮಾಡಿದಳು. "ಬರ್ರಿ ಮಾವಾರ, ಬರ್ರಿ. ಸಾವಕಾಶ ಬರ್ರಿ." ರುದ್ರೇಶ ಕ್ಲಚ್ಚು ಮೆಲ್ಲಗೆ ಬಿಟ್ಟ. ಹೊಸ ಇಂಜಿನ್ನು ಹಳೆಯದಕ್ಕಿಂತ ಭಾರ. ಕಾರಿನ ಹೊಟ್ಟೆ ಹಂಪಿಗೆ ಕರ್ರೆಂದು ಉಜ್ಜಿತು.

"ಹಗೂರ ಹೊಡಿಯೋ" ಎಂದಳು ಹಿಂದಿನಿಂದ ಅವ್ವ, "ಅವರಿಗೆ ಪೆಟ್ಟ ಹತ್ತೀತು."